ಮಗು ತಾನೇ ಕನ್ನಡ ಓದಲಿ: ಮನೆಯಲ್ಲಿ ಹಂತ ಹಂತವಾಗಿ

ನಮ್ಮ ದೊಡ್ಡವಳು ಐದು ತುಂಬುವ ಹೊತ್ತಿಗೆ ಅ ಇಂದ ಳ ತನಕ ಒಂದೇ ಉಸಿರಿಗೆ ಹೇಳುತ್ತಿದ್ದಳು. ಮನೆಗೆ ನೆಂಟರು ಬಂದರೆ ಸಾಕು, ನಿಲ್ಲಿಸಿ ಹೇಳಿಸುತ್ತಿದ್ದೆವು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗಿದ್ದ ಬಸ್ಸಿನ ಬೋರ್ಡ್ ತೋರಿಸಿ "ಇದನ್ನ ಓದು ನೋಡೋಣ" ಎಂದೆ. 'ಹಾಸನ' ಅಂತ ಬರೆದಿತ್ತು. ಅವಳು ಬೆರಳು ಮಡಚುತ್ತಾ "ಯ ರ ಲ ವ ಶ ಷ ಸ ಹ" ಎಂದು ಹೇಳಿಕೊಂಡು ಮೊದಲ ಅಕ್ಷರಕ್ಕೆ ಬಂದಳು. ಆಮೇಲೆ "ಹ, ಹಾ". ಎರಡನೇ ಅಕ್ಷರಕ್ಕೆ ಮತ್ತೆ "ಯ ರ ಲ ವ" ಶುರುವಾಯಿತು. 'ನ' ಸಿಗುವಷ್ಟರಲ್ಲಿ ಬಸ್ಸು ಹೊರಟೇ ಹೋಯಿತು.

ಅವಳಿಗೆ ಬರುತ್ತಿದ್ದದ್ದು ಹಾಡು, ಓದು ಅಲ್ಲ. ತಪ್ಪು ಅವಳದ್ದಲ್ಲ. ನಾನು ಕಲಿಸಿದ್ದೇ ಹಾಡು. ಚಿಕ್ಕವನ ಸರದಿ ಬಂದಾಗ ದಾರಿ ಬದಲಿಸಿದೆ. ಮುಂದೆ ಬರೆದಿರುವುದು ಆ ಎರಡನೇ ದಾರಿ. ನಾನು ಟೀಚರ್ ಅಲ್ಲ. ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರಲು ನನಗೂ ಆಗುತ್ತಿರಲಿಲ್ಲ, ಅವನಿಗೂ ಆಗುತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಇದೇ ದಾರಿ ನಡೆಯುತ್ತದೆ, ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೆ. ಹೊರದೇಶದಲ್ಲಿದ್ದು ಮಗುವಿಗೆ ಕನ್ನಡ ಮಾತೇ ಕಡಿಮೆ ಇದ್ದರೆ ಅಕ್ಷರಕ್ಕೆ ಅವಸರ ಮಾಡಬೇಡಿ. ಮೊದಲು ಮಾತು, ಕತೆ, ಅಜ್ಜಿಯ ಜೊತೆ ಫೋನು. ಗೊತ್ತಿಲ್ಲದ ಪದವನ್ನು ಕೂಡಿಸಿ ಓದಿ ಮಗುವಿಗೆ ಏನು ಸಿಗುತ್ತದೆ?

ಮೊದಲು ಕಿವಿ

ನಾಲ್ಕು ವರ್ಷದ ಮಗುವಿಗೆ ಪುಸ್ತಕಕ್ಕಿಂತ ಮೊದಲು ಚಪ್ಪಾಳೆ ಸಾಕು. ಮ-ರ, ಎರಡು ಚಪ್ಪಾಳೆ. ಬಾ-ಳೆ, ಎರಡು. ಕಿ-ಟ-ಕಿ, ಮೂರು. ಇದು ಬರೀ ಆಟ ಅಲ್ಲ. ಕನ್ನಡದಲ್ಲಿ ಬಾಯಿ ಒಡೆಯುವ ತುಂಡೇ ಹೆಚ್ಚುಕಡಿಮೆ ಹಾಳೆಯ ಮೇಲೂ ಒಂದು ಅಕ್ಷರ. ಮಗು 'ಕಿಟಕಿ'ಯನ್ನು ಮೂರಾಗಿ ಒಡೆದರೆ ಅದನ್ನು ಓದುವ ಅರ್ಧ ಕೆಲಸ ಮುಗಿಯಿತು. 'ಅಕ್ಕ', 'ಅಮ್ಮ'ದಂಥ ಪದಗಳನ್ನು ಈಗಲೇ ಒಡೆಸಬೇಡಿ. ಅವುಗಳ ಕತೆ ಆಮೇಲೆ.

ಇನ್ನೊಂದು ಆಟ ಕೊನೆಯ ಅಕ್ಷರ ಹಿಡಿದು ಹೋಗುವುದು. ಮನೆ, ನೆಲ, ಲಟ್ಟಣಿಗೆ, ಗೆಳೆಯ, ಯಜಮಾನ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಎಲ್ಲೆಂದರಲ್ಲಿ ಆಡಬಹುದು. ಉದ್ದ ಗಿಡ್ಡ ಸ್ವರದ ತಮಾಷೆಯನ್ನೂ ಈಗಲೇ ಶುರು ಮಾಡಿ. "ಅಜ್ಜಿ ಕೈಗೆ ಬಾಳೆ ಹಾಕಿಕೊಂಡರು" ಎಂದರೆ ಯಾವ ಮಗುವೂ ನಗುತ್ತದೆ. ಬಳೆಗೂ ಬಾಳೆಗೂ ಇರುವ ವ್ಯತ್ಯಾಸ ಕಿವಿಗೆ ಗೊತ್ತಾಯಿತು ಅಂತ ಅರ್ಥ.

ಜೊತೆಗೆ ರಾತ್ರಿ ಒಂದು ಕತೆ ಓದಿ ಹೇಳಿ. ಬಾಯಿಪಾಠ ಇದ್ದರೂ ಪುಸ್ತಕ ಹಿಡಿದೇ ಓದಿ, ಬೆರಳು ಸಾಲಿನ ಕೆಳಗೆ ಓಡಲಿ. ಅದೇ ಪುಸ್ತಕವನ್ನು ಇಪ್ಪತ್ತನೇ ಸಲ ತಂದರೆ ಇಪ್ಪತ್ತೊಂದನೇ ಸಲಕ್ಕೂ ತಯಾರಿರಿ. ಕೆಲವು ದಿನ ಬಿಟ್ಟು ಮಗು ಪುಟ ತಿರುಗಿಸುತ್ತಾ ತಾನೇ 'ಓದಲು' ಶುರು ಮಾಡುತ್ತದೆ. "ಅದು ಓದಲ್ಲ, ಬಾಯಿಪಾಠ" ಎಂದು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಬೇಡಿ. ಓದು ಶುರುವಾಗುವುದೇ ಅಲ್ಲಿಂದ.

ವರ್ಣಮಾಲೆಯ ಸಾಲು ಬಿಡಿ

ಗೋಡೆಯ ಚಾರ್ಟಿನಲ್ಲಿ 49 ಅಕ್ಷರ ಇರುತ್ತವೆ. ಅ ಅರಸ, ಆ ಆನೆ ಎಂದು ಹೊರಟರೆ ಮೊದಲ ವಾರದಲ್ಲೇ ಋ, ಐ, ಔ ಎದುರಾಗುತ್ತವೆ. ಐ ಐರಾವತ, ಔ ಔಷಧ. ಮಗು ಐರಾವತವನ್ನು ಎಲ್ಲಿ ನೋಡಿದೆ, ಹೈವೇ ಬಸ್ಸಿನ ಮೇಲೆ ಬಿಟ್ಟರೆ? ಆಮೇಲೆ ಮರ ಎಂದು ಓದಬೇಕಾದರೆ ಪ ಫ ಬ ಭ ದಾಟಿ ಮ ಬರುವ ತನಕ ಕಾಯಬೇಕು. ಅಲ್ಲಿಯವರೆಗೆ ಮಗುವಿಗೆ ಓದಲು ಸಿಗುವ ಪದಗಳೇ ಅಪರೂಪ.

ಇದಕ್ಕೆ ಉತ್ತರ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ, ಆಟ-ಚಟುವಟಿಕೆಯಲ್ಲಿ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದವು, ಒಂದರಿಂದ ಇನ್ನೊಂದಕ್ಕೆ ರೂಪ ಹತ್ತಿರವಿರುವವು ಮೊದಲು ಬರುತ್ತವೆ. ರ ಗ ಸ ದ ಅ ಮೊದಲ ಗುಂಪು. ಜ ವ ಮ ಬ ನ ಎರಡನೆಯದು. ನಾನು ಇದನ್ನೇ ಎತ್ತಿಕೊಂಡೆ, ನಾಚಿಕೆ ಪಡಲಿಲ್ಲ.

ಮಾಡುವುದು ಹೀಗೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅಂಗೈ ಅಗಲದ ಕಾರ್ಡ್ ಮಾಡಿ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಕಾರ್ಡಿಗೆ ಒಂದು ಅಕ್ಷರ. ಮೊದಲ ದಿನ ಎರಡೇ ಕಾರ್ಡ್, ಸ ಮತ್ತು ರ. ಎರಡನ್ನೂ ಗುರುತು ಹಿಡಿದ ಮೇಲೆ ಪಕ್ಕಪಕ್ಕ ಇಡಿ. ಸ... ರ... ಸರ. ಅದಲು ಬದಲು ಮಾಡಿ. ರಸ! ನಮ್ಮ ಚಿಕ್ಕವನು ಅಂದು ಆ ಎರಡು ಕಾರ್ಡುಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ. ಎರಡೇ ಅಕ್ಷರ ಗೊತ್ತಿದ್ದರೂ ಅವನ ಲೆಕ್ಕದಲ್ಲಿ ಅವನಿಗೆ ಓದಲು ಬರುತ್ತಿತ್ತು.

ಆಮೇಲೆ ಎರಡು ಮೂರು ದಿನಕ್ಕೆ ಒಂದು ಹೊಸ ಅಕ್ಷರ ಸಾಕು. ಹಳೆಯದನ್ನು ಹಾಡಿನ ಸಹಾಯ ಇಲ್ಲದೆ, ಕಂಡ ತಕ್ಷಣ ಹೇಳಿದರೆ ಮಾತ್ರ ಮುಂದಿನದು. ಮೊದಲ ಗುಂಪು ಮುಗಿಯುವಾಗ ಅರಸ, ಅಗಸ, ಸರಸರ, ಗರಗರ, ದರದರ ಬರುತ್ತವೆ. (ಅಗಸ ಎಂದರೆ ಯಾರು ಅಂತ ಹೇಳಬೇಕಾಗುತ್ತದೆ. ಇಸ್ತ್ರಿ ಅಂಗಡಿ ಇರುವ ಕಾಲ ಇದು.) ಎರಡನೇ ಗುಂಪಿನ ಜೊತೆ ಮರ, ದನ, ಮಗ, ಜನ, ಬಸವ. ಇಲ್ಲಿ ಒಂದು ಸೊನ್ನೆಯನ್ನೂ ಕೊಟ್ಟುಬಿಡಿ. ಆಗ ನೋಡಿ:

ರಂಗ ಬಂದ.
ರಂಗನ ಮಗ ಬಂದ.
ಅರಸನ ಸರ.
ಮರದ ಮಂಗ.
ಬಸವನ ದನ.

ಹತ್ತು ಅಕ್ಷರ, ಒಂದು ಸೊನ್ನೆ. ಕಾಗುಣಿತ ಇಲ್ಲ, ಒತ್ತು ಇಲ್ಲ. ಆದರೂ ವಾಕ್ಯ ಓದಿದ ಖುಷಿ ಇದೆ. ಇವನ್ನೇ ಹಾಳೆಗೊಂದು ಸಾಲು ಬರೆದು, ಮಡಚಿ, ಸ್ಟೇಪಲ್ ಹೊಡೆದರೆ ಮಗುವಿನ ಮೊದಲ ಪುಸ್ತಕ. ಚಿತ್ರ ಅದೇ ಬಿಡಿಸಲಿ. ಅರಸನ ಸರವನ್ನು ಮಂಗ ಕದ್ದ ಹಾಗೆ ನಮ್ಮ ಮನೆಯ ಪುಸ್ತಕದಲ್ಲಿತ್ತು.

ಉಳಿದ ಅಕ್ಷರಗಳನ್ನೂ ಹೀಗೇ ಗುಂಪು ಕಟ್ಟಿ ಕೊಡಿ. ಮಹಾಪ್ರಾಣಗಳನ್ನು ಕೊನೆಗೆ ತಳ್ಳಿ. ನಾವೇ ಮಾತಾಡುವಾಗ ಎಲ್ಲಿ ಎಳೆಯುತ್ತೇವೆ? ಙ, ಞ ಅಂತೂ ಚಾರ್ಟಿನಲ್ಲೇ ಇರಲಿ. ಮ ಮತ್ತು ವ, ಪ ಮತ್ತು ಷ, ದ ಮತ್ತು ಧ, ಇಂಥ ಜೋಡಿಗಳನ್ನು ಒಂದೇ ವಾರ ಕಲಿಸಲು ಹೋಗಬೇಡಿ. ನಲಿ-ಕಲಿಯಲ್ಲಿ ಮ, ವ ಒಂದೇ ಗುಂಪಿನಲ್ಲಿವೆ ನಿಜ. ನಮ್ಮವನಿಗೆ ಗೊಂದಲ ಆಯಿತು, ಹಾಗಾಗಿ ಎರಡರ ನಡುವೆ ಹತ್ತು ದಿನ ಬಿಟ್ಟೆ.

ಬರವಣಿಗೆಗೆ ಇಷ್ಟೇ ಹೇಳುತ್ತೇನೆ. ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸಿದ್ದು ಆಯಿತಲ್ಲ, ಮಾರನೇ ದಿನದಿಂದಲೇ ಕಾಪಿ ಪುಸ್ತಕ ಬೇಡ. ಓದು ಬರವಣಿಗೆಗಿಂತ ಕೆಲವು ತಿಂಗಳು ಮುಂದೆ ಓಡಲಿ. ಬೆರಳಿಗೆ ರಂಗೋಲಿ ಪುಡಿ, ಮಣ್ಣು, ಸ್ಲೇಟು ಸಾಕು.

ಕಾಗುಣಿತವನ್ನು ಅಡ್ಡಕ್ಕೆ ಕಲಿಸಬೇಡಿ

ನಮ್ಮ ಮಾವನವರಿಗೆ ಕಾಗುಣಿತ ಎಂದರೆ "ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ". ಕೇಳಲು ಚೆಂದ. ಸ್ನಾನ ಮಾಡಿಸುವಾಗ ಹೇಳಿಕೊಡಲಿ, ಬೇಡ ಅನ್ನಬೇಡಿ. ಆದರೆ ಓದಲು ಅದು ಸಹಾಯ ಮಾಡುವುದಿಲ್ಲ. 'ಕೊ' ಓದಲು ಮಗು ಕ ಕಾ ಕಿ ಕೀ ಎಂದು ಬೆರಳು ಮಡಚುತ್ತಾ ಹೋದರೆ ವಾಕ್ಯದ ಅರ್ಥ ಎಲ್ಲೋ ಬಿದ್ದುಹೋಗಿರುತ್ತದೆ.

ಲೆಕ್ಕ ಹಾಕಿ. 34 ವ್ಯಂಜನಕ್ಕೂ ಕಾಗುಣಿತ ಹಚ್ಚಿದರೆ 400 ದಾಟುತ್ತದೆ. ಒಂದೊಂದನ್ನೂ ಬಾಯಿಪಾಠ ಮಾಡಿಸಿದರೆ ಮುಗಿಯುವುದು ಯಾವಾಗ? ಅದರ ಬದಲು ಒಂದು ಚಿಹ್ನೆಯನ್ನು ಹಿಡಿದು, ಗೊತ್ತಿರುವ ಎಲ್ಲ ಅಕ್ಷರಕ್ಕೂ ಹಚ್ಚಿ. ಈ ವಾರ ಬರೀ ಇಳಿ. ರಾ, ಗಾ, ಸಾ, ದಾ, ಮಾ, ಜಾ. ತಕ್ಷಣ ಪದ ಮಾಡಿ: ದಾರ, ರಾಜ, ಜಾಗ, ಮಾವ. "ಮಾವ ಬಾ." ಮುಗಿಯಿತು.

ಎರಡನೆಯದಾಗಿ ನಾನು ಕೊಂಬು ಕೊಟ್ಟೆ. ಕನ್ನಡದಲ್ಲಿ ಪದಗಳು ಉಕಾರಕ್ಕೆ ಮುಗಿಯುವುದು ಜಾಸ್ತಿ. ಹಾಲು, ಕಾಲು, ಊರು, ಮಗು, ಹಸು. ಆಮೇಲೆ ಗುಡಿಸು: ನರಿ, ಇಲಿ, ಕುರಿ, ನದಿ. ಆಮೇಲೆ ಏತ್ವ: ಮನೆ, ಎಲೆ, ಆನೆ, ಬಳೆ. ಈ ನಾಲ್ಕು ಚಿಹ್ನೆ ಬಂದರೆ ಮನೆಯೊಳಗಿನ ಎಷ್ಟೋ ವಸ್ತುಗಳ ಹೆಸರು ಓದಬಹುದು. ದೀರ್ಘಗಳು ಅದರ ನಂತರ. ಐತ್ವ, ಔತ್ವ, ವಟ್ರಸುಳಿಗೆ ಅವಸರವೇ ಇಲ್ಲ.

ದಾರಿಯಲ್ಲಿ ಒಂದೆರಡು ಗುಂಡಿ ಇವೆ. ಕೊಂಬು ಬೇರೆ ಅಕ್ಷರಗಳಿಗೆ ಪಕ್ಕದಲ್ಲಿ ಅಂಟುತ್ತದೆ, ಆದರೆ ಪು, ವು ಬಂದಾಗ ಕೆಳಕ್ಕೆ ಜೋತುಬೀಳುತ್ತದೆ. ವ ಪಕ್ಕದಲ್ಲೇ ಬರೆದರೆ ಅದು ಮ ಆಗಿಬಿಡುತ್ತದಲ್ಲ! ಇದನ್ನು ಬರೆದು ತೋರಿಸಿದರೆ ಮಕ್ಕಳಿಗೆ ಒಂದು ಗುಟ್ಟು ಗೊತ್ತಾದ ಹಾಗೆ ಖುಷಿ. ಮಿ, ಯಿ ಕೂಡ ತಮ್ಮದೇ ರೂಪದಲ್ಲಿ ಬರುತ್ತವೆ. ಅವಕ್ಕೆ ಒಂದೊಂದು ದಿನ ಬೇರೆಯಾಗಿ ಕೊಡಿ.

ದೀರ್ಘ ತಪ್ಪಿದರೆ ಬೈಯಬೇಡಿ, ಅರ್ಥ ಕೇಳಿ. ಬೇಳೆಯನ್ನು ಬೆಳೆ ಎಂದು ಓದಿದರೆ "ಹಾಗಾದ್ರೆ ಸಾರಿಗೆ ಬೆಳೆ ಹಾಕಲಾ?" ಎನ್ನಿ. ಮಗು ತಾನೇ ತಿದ್ದಿಕೊಳ್ಳುತ್ತದೆ. ಕೊಡು-ಕೋಡು, ಹಳೆ-ಹಾಳೆ, ಕೆರೆ-ಕೇರೆ. ಕೆರೆಯ ದಡದಲ್ಲಿ ಕೇರೆ ಹಾವು ಎಂದು ಒಂದು ಕತೆಯೇ ಕಟ್ಟಬಹುದು.

ಇಷ್ಟು ಹೊತ್ತಿಗೆ ಆರೆಂಟು ತಿಂಗಳಾದರೂ ಆಗಿರುತ್ತದೆ. ಪಕ್ಕದ ಮನೆಯ ಮಗು ಇಂಗ್ಲಿಷ್ ಪುಸ್ತಕ ಗಳಗಳ ಓದುತ್ತಿದೆ ಎಂದು ಕಂಗಾಲಾಗಬೇಡಿ. ಅಲ್ಲಿ 26 ಅಕ್ಷರ, ಇಲ್ಲಿ ನೂರಾರು ರೂಪ. ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣುತ್ತದೆ. ಅಕ್ಷರಗಳನ್ನು ಪೂರ್ತಿ ಕಲಿಯುವ ಕೆಲಸ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ.

ಒತ್ತಕ್ಷರ

ಮಗು ಮೊದಲು ಓದಬೇಕು ಅನ್ನುವ ಪದಗಳೆಲ್ಲ ಒತ್ತಿನವೇ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಚಿಕ್ಕಪ್ಪ. ಇವಕ್ಕೆ ಪಾಠ ಬರುವ ತನಕ ಕಾಯಬೇಡಿ. ಮನೆಯವರ ಫೋಟೋ ಕೆಳಗೆ ಪದ ಬರೆದು ಅಂಟಿಸಿ. ಚಿತ್ರದ ಹಾಗೆ ಇಡೀ ಪದ ಗುರುತು ಹಿಡಿಯಲಿ. ಮುಂದೆ ಒತ್ತು ಕಲಿಸುವಾಗ "ಅಮ್ಮದಲ್ಲಿ ಇತ್ತಲ್ಲ, ಅದೇ ಇದು" ಎಂದು ತೋರಿಸಲು ಆಗುತ್ತದೆ.

ಕಾಗುಣಿತ ಕೈಗೆ ಬಂದ ಮೇಲೆ ತನ್ನ ಒತ್ತು ತನಗೇ ಇರುವ ಪದಗಳಿಂದ ಶುರು ಮಾಡಿ. ಕತೆ ಮತ್ತು ಕತ್ತೆ ಎರಡನ್ನೂ ಪಕ್ಕಪಕ್ಕ ಬರೆಯಿರಿ. "ನನಗೊಂದು ಕತ್ತೆ ಹೇಳು" ಎಂದರೆ ಆ ದಿನದ ಪಾಠ ಮುಗಿದಂತೆಯೇ. ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಪುಟ್ಟ ಅಕ್ಷರಗಳೇ ಆದ್ದರಿಂದ ಮಗು ಊಹೆ ಮಾಡಬಲ್ಲದು. ತ, ನ, ಮ, ಯ, ರ, ಲ ಈ ಆರು ಮಾತ್ರ ಬೇರೆ ವೇಷ ಹಾಕಿಕೊಂಡು ಬರುತ್ತವೆ. ಆರಕ್ಕೂ ಕಾರ್ಡ್ ಮಾಡಿ, ಮುಂದೆ ಅಕ್ಷರ, ಹಿಂದೆ ಒತ್ತು. ನಂತರ ಪುಸ್ತಕ, ಚಂದ್ರ, ಅಕ್ಷರ ಇಂಥವು.

ಅರ್ಕಾವತ್ತು ಎಲ್ಲರಿಗೂ ಕೊನೆಯಲ್ಲಿ. ಸೂರ್ಯ, ಕರ್ನಾಟಕ. ಬರೆಯುವಾಗ ಹಿಂದೆ ಬರುತ್ತದೆ, ಓದುವಾಗ ಮುಂದೆ ಹೋಗುತ್ತದೆ. "ಇವನು ಸಾಲಿನಲ್ಲಿ ಹಿಂದೆ ನಿಂತು ಮೊದಲು ಕೂಗುವವನು" ಎಂದು ಹೇಳಿದ್ದೆ. ನಮ್ಮವನಿಗೆ ಅವನ ಕ್ಲಾಸಿನ ಒಬ್ಬ ಹುಡುಗ ನೆನಪಾದನಂತೆ.

ಈಗ ನಿಮ್ಮ ಪಾಠ

ಇಲ್ಲಿಯವರೆಗೆ ಮಗು ಕಲಿಯಿತು. ಇನ್ನು ಕಲಿಯಬೇಕಾದವರು ನಾವು, ಮತ್ತು ನನಗೆ ಕಷ್ಟವಾದದ್ದು ಇದೊಂದೇ. ಚಿಕ್ಕವನು ಓದುವಾಗ ಒಂದು ಪದಕ್ಕೆ ನಿಂತರೆ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು. ಅಡುಗೆಮನೆಯಿಂದ ಅತ್ತೆ, ಹಜಾರದಿಂದ ಇವರು, ಮೂರೂ ಕಡೆಯಿಂದ ಉತ್ತರ. ಒಂದು ದಿನ ಗಮನಿಸಿದೆ. ಅವನು ನೋಡುತ್ತಿದ್ದದ್ದು ಪುಸ್ತಕವನ್ನಲ್ಲ, ನನ್ನ ತುಟಿಯನ್ನು.

ಅಂದಿನಿಂದ ಎದುರಿಗೆ ಕೂರುವುದು ಬಿಟ್ಟೆ. ಅವರೆಕಾಯಿ ಬಿಡಿಸುತ್ತಾ ಪಕ್ಕಕ್ಕೆ ಕೂತು "ನನ್ನ ಕೈ ಖಾಲಿ ಇಲ್ಲ, ಏನು ಬರೆದಿದೆ ನೀನೇ ಓದಿ ಹೇಳು" ಎನ್ನುತ್ತಿದ್ದೆ. ನನಗೆ ಪುಟ ಕಾಣುವುದಿಲ್ಲ ಎಂದಾದ ಮೇಲೆ ಅವನೇ ಓದಬೇಕಾಯಿತು, ಬೇರೆ ದಾರಿ ಇರಲಿಲ್ಲ.

ಮಗು ನಿಂತಾಗ ಮನಸ್ಸಿನಲ್ಲೇ ನಿಧಾನಕ್ಕೆ ಐದರವರೆಗೆ ಎಣಿಸಿ. ಆ ಐದು ಬಹಳ ಉದ್ದ ಅನಿಸುತ್ತದೆ. ಹೆಚ್ಚಿನ ಸಲ ಮೂರು ನಾಲ್ಕಕ್ಕೇ ಪದ ಬರುತ್ತದೆ. ಬರದಿದ್ದರೆ ಹೆಬ್ಬೆರಳಿನಿಂದ ಪದದ ಉಳಿದ ಭಾಗ ಮುಚ್ಚಿಕೊಂಡು ಮೊದಲ ಅಕ್ಷರ ಮಾತ್ರ ಓದಲು ಹೇಳಿ, ಆಮೇಲೆ ಬೆರಳು ಸರಿಸುತ್ತಾ ಹೋಗಲಿ. ಇಲ್ಲವೇ ಸಾಲನ್ನು ಮೊದಲಿನಿಂದ ಓದಲಿ, ಹಿಂದಿನ ಪದಗಳೇ ಮುಂದಿನದನ್ನು ಹೇಳಿಕೊಡುತ್ತವೆ. ಆದರೂ ಬರಲಿಲ್ಲವೇ? ಪದ ಹೇಳಿಬಿಡಿ, ಕತೆ ಮುಂದೆ ಹೋಗಲಿ. "ನಿನ್ನೆ ತಾನೇ ಹೇಳಿಕೊಟ್ಟಿದ್ದೆನಲ್ಲ" ಎನ್ನುವ ಮಾತು ಮಾತ್ರ ಬೇಡ.

ತಪ್ಪುಗಳಲ್ಲೂ ಎರಡು ಬಗೆ. ಪುಸ್ತಕದಲ್ಲಿ 'ಬರುತ್ತದೆ' ಎಂದಿದ್ದು ಮಗು 'ಬರತ್ತೆ' ಎಂದು ಓದಿದರೆ ನಾನು ತಿದ್ದುವುದಿಲ್ಲ. ಧಾರವಾಡದ ಕಡೆಯ ಮಗು 'ಬರ್ತದ' ಎನ್ನಬಹುದು. ಮಗು ಬರಿ ಅಕ್ಷರ ಕೂಡಿಸುತ್ತಿಲ್ಲ, ಅರ್ಥ ಹಿಡಿದು ತನ್ನ ಮಾತಿನಲ್ಲಿ ಹೇಳುತ್ತಿದೆ. ಪುಸ್ತಕದ ಮಾತು ಓದುತ್ತಾ ಓದುತ್ತಾ ತಾನಾಗಿ ಬರುತ್ತದೆ. 'ಕೋಳಿ'ಯನ್ನು 'ಕೊಳ' ಎಂದು ಓದಿ ಹಾಗೇ ಮುಂದೆ ಹೋದರೆ ಮಾತ್ರ ವಾಕ್ಯದ ಕೊನೆಯಲ್ಲಿ ನಿಲ್ಲಿಸಿ "ಕೊಳ ಕೂಗಿತಾ?" ಎಂದು ಕೇಳಿ.

ಏನು ಓದುವುದು

ಹಾಲಿನ ಪ್ಯಾಕೆಟ್ ಮೇಲಿನ 'ನಂದಿನಿ'ಯಿಂದ ಹಿಡಿದು ಅಂಗಡಿ ಬೋರ್ಡ್, ಮೆಟ್ರೋ ನಿಲ್ದಾಣದ ಹೆಸರು, ಮದುವೆ ಮನೆಯ ಬ್ಯಾನರ್ ತನಕ ಎಲ್ಲವೂ ಓದೇ. ಆದರೆ ಬೀದಿಯಲ್ಲಿ ಪರೀಕ್ಷೆ ಮಾಡಬೇಡಿ, ಒಂದು ಬೋರ್ಡ್ ಓದಿದರೆ ಸಾಕು.

ಪುಸ್ತಕಕ್ಕೆ ನನಗೆ ಹೆಚ್ಚು ಒದಗಿದ್ದು ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣ. ಕನ್ನಡ ಕತೆಗಳು ಉಚಿತ, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ನಾಲ್ಕು ಮಟ್ಟಗಳಿವೆ. ಒಂದು ಎಚ್ಚರಿಕೆ: ಮೊದಲ ಮಟ್ಟ ಎಂದರೆ ಸಾಲು ಕಡಿಮೆ ಎಂದು ಅರ್ಥ, ಒತ್ತಕ್ಷರ ಇಲ್ಲ ಎಂದಲ್ಲ. ಹಾಗಾಗಿ ಮೊದಲು ನೀವು ಒಮ್ಮೆ ಕಣ್ಣಾಡಿಸಿ. ಹತ್ತು ಪದಕ್ಕೆ ಒಂದು ಕಡೆ ನಿಂತರೆ ಆ ಪುಸ್ತಕ ಸರಿಯಾಗಿದೆ. ಎರಡು ಮೂರು ಕಡೆ ನಿಲ್ಲುತ್ತಿದ್ದರೆ ಅದನ್ನು ನೀವೇ ಓದಿ ಹೇಳಿ, ಮಗುವಿಗೆ ಬೇರೆಯದು ಕೊಡಿ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲು ಶುರು ಮಾಡಿದರು.

ಮತ್ತೆ, ಮಗು ಹೇಳಿದ್ದನ್ನೇ ಪುಸ್ತಕ ಮಾಡಿ. "ನಿನ್ನೆ ನಾಯಿ ನನ್ನ ಚಪ್ಪಲಿ ಕಚ್ಕೊಂಡು ಓಡೋಯ್ತು" ಎಂದರೆ ಹಾಗೇ ಬರೆಯಿರಿ, ತಿದ್ದಬೇಡಿ. ತನ್ನ ಮಾತನ್ನು ಓದಲು ಮಗುವಿಗೆ ಊಹೆ ಸುಲಭ. ಒತ್ತು ಗಿತ್ತು ಯಾವುದೂ ಅಡ್ಡ ಬರುವುದಿಲ್ಲ.

ಒಂಟಿಯಾಗಿ ಓದುವುದಕ್ಕೆ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ. ನಮ್ಮಲ್ಲಿ ರಾತ್ರಿ ಊಟದ ನಂತರ ಹತ್ತು ನಿಮಿಷ ಎಲ್ಲರೂ ಏನಾದರೂ ಓದುತ್ತೇವೆ, ಫೋನ್ ಇಲ್ಲದೆ. ಇವರು ಬೆಳಗಿನ ಪೇಪರನ್ನೇ ಮತ್ತೆ ಹಿಡಿಯುತ್ತಾರೆ, ಪರವಾಗಿಲ್ಲ. ಮಗು ಗುಣುಗುಣು ಎಂದು ಓದಲಿ, ಮೌನ ಆಮೇಲೆ ಬರುತ್ತದೆ. ಓದಿ ಮುಗಿಸಿದ ತಕ್ಷಣ ಪ್ರಶ್ನೆ ಕೇಳಬೇಡಿ. ಓದಲು ಬಂತು ಎಂದು ನೀವು ಕತೆ ಓದಿ ಹೇಳುವುದನ್ನೂ ನಿಲ್ಲಿಸಬೇಡಿ. ನಿಲ್ಲಿಸಿದರೆ ಓದು ಕಲಿತದ್ದಕ್ಕೆ ಶಿಕ್ಷೆ ಕೊಟ್ಟ ಹಾಗಾಗುತ್ತದೆ.

ಎಷ್ಟು ಕಾಯಬೇಕು ಎಂದು ಕೇಳುವವರಿಗೆ: ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿಬಿಡಿ. ಅದು ಸರಿಯಿದ್ದು, ಮೂರನೇ ತರಗತಿಗೆ ಬಂದರೂ ಸರಳ ಪದಗಳಿಗೇ ಒದ್ದಾಡುತ್ತಿದ್ದರೆ, ನಿನ್ನೆಯ ಅಕ್ಷರ ಇಂದು ಪೂರ್ತಿ ಮರೆಯುತ್ತಿದ್ದರೆ, ಸೋಮಾರಿತನ ಎಂದು ಬೈಯಬೇಡಿ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಕಷ್ಟವಾಗುವ ತೊಂದರೆ, ಇರಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇದಕ್ಕೆ ತಪಾಸಣೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಕಲಿಕೆಯ ಈ ತೊಂದರೆಯನ್ನು ಸೇರಿಸಿದ್ದಾರೆ, ಹಾಗಾಗಿ ಶಾಲೆಯಲ್ಲಿ ಸಹಾಯ ಕೇಳಲು ಹಿಂಜರಿಯಬೇಕಿಲ್ಲ.

ನಮ್ಮ ದೊಡ್ಡವಳಿಗೆ ಈಗ ಹತ್ತು. ತಡವಾದರೂ ಕಾರ್ಡುಗಳ ಹಾದಿಗೆ ಅವಳೂ ಬಂದಳು, ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ. ರಾತ್ರಿ ತಮ್ಮನ ಪಕ್ಕ ಕೂತು ಅವನ ಕೈಲಿ ಓದಿಸುವ ಕೆಲಸವನ್ನೂ ತಾನೇ ವಹಿಸಿಕೊಂಡಿದ್ದಾಳೆ. ಅವನು ಒಂದು ಪದಕ್ಕೆ ನಿಂತರೆ ಸಾಕು, ಪಟಕ್ಕನೆ ಹೇಳಿಬಿಡುತ್ತಾಳೆ. "ಅಮ್ಮಾ, ನೋಡೇ ಇವಳನ್ನ!" ಎಂದು ಅವನ ದೂರು. ಸದ್ಯ ಅವಳಿಗೆ ಐದರವರೆಗೆ ಎಣಿಸುವುದನ್ನು ಕಲಿಸುತ್ತಿದ್ದೇನೆ.